ಅಕ್ಕುವಿನ ಬಾವಿಗೆ ಬಂದ ಸರ್ಟಿಫಿಕೇಟು

ಕಾಗದದ ಪ್ರಕಾರ ಅಕ್ಕುವಿನ ಬಾವಿಯ ನೀರು ಅಮೃತ. ಕಾನ್ಸೆಪ್ಟಾ ಬಾಯಿ ಅದನ್ನು ಎರಡೆರಡು ಸಲ ಓದಿದಳು. ‘ಕುಡಿಯಲು ಯೋಗ್ಯ’ ಎಂದು ಬರೆದು ದುಂಡಗಿನ ಸೀಲು ಒತ್ತಿದ್ದರು. ಅವಳಿಗೆ ಮೈಯೆಲ್ಲ ಉರಿಯಿತು.

ಅವಳು ಈ ವಾರ್ಡಿನಿಂದ ಗೆದ್ದು ಪುರಸಭೆಗೆ ಹೋಗಿ ಮೂರು ವರ್ಷವಾಗಿತ್ತು. ಸತ್ತ ನಾಯಿ, ಕೆಟ್ಟ ಬೀದಿದೀಪ, ಗೇಟಿನೆದುರು ಯಾರೋ ಎಸೆದ ಮೀನಿನ ಕಸ, ಬೆಳಗಾದರೆ ಎಲ್ಲದಕ್ಕೂ ಅವಳಿಗೇ ಫೋನು. ಅದಕ್ಕೆಲ್ಲ ಅವಳು ಬೇಸರಪಟ್ಟವಳಲ್ಲ. ಆದರೆ ಅಕ್ಕುವಿನ ಹಿತ್ತಿಲ ಪಕ್ಕದಲ್ಲೇ ಹರಿಯುವ ತೋಡಿನಾಚೆ ಎಂಟು ಮಾಳಿಗೆಯ ಫ್ಲಾಟು ಎದ್ದು, ಅದರ ಕಕ್ಕಸಿನ ನೀರು ರಾಜಾರೋಷವಾಗಿ ತೋಡಿಗೆ ಇಳಿಯತೊಡಗಿದ ಮೇಲೆ ಅಕ್ಕುವಿನ ಬಾವಿ ನಾರುತ್ತಿತ್ತು. ಎಪ್ಪತ್ತು ದಾಟಿದ ಹೆಂಗಸು ಐದು ತಿಂಗಳಿಂದ ಸೊಂಟಕ್ಕೆ ಕೊಡ ಇಟ್ಟುಕೊಂಡು ಗುಡ್ಡೆಯ ಮೇಲಿನ ಮ್ಯಾಥ್ಯೂವಿನ ಬಾವಿಗೆ ಹತ್ತಿ ಇಳಿಯುತ್ತಿದ್ದಳು.

ಈಗ ಅಕ್ಕುವಿನ ಜಗಲಿಯಲ್ಲಿ ಪುರಸಭೆಯ ಇಂಜಿನಿಯರ್ ಉಜ್ವಲ್ ಫೈಲು ಬಿಡಿಸಿ ಕುಳಿತಿದ್ದ. ‘ದೂರು ಇತ್ಯರ್ಥವಾಗಿದೆ’ ಎಂಬ ಫಾರಮಿಗೆ ವಾರ್ಡಿನ ಸದಸ್ಯೆ ಕಾನ್ಸೆಪ್ಟಾಳ ಸಹಿ ಬೇಕಿತ್ತು. ಸಹಿ ಬಿದ್ದರೆ ಫ್ಲಾಟಿನ ಪೈಪು ಹಾಗೆಯೇ ಉಳಿಯುತ್ತದೆ, ಅಕ್ಕು ಸಾಯುವ ತನಕ ಗುಡ್ಡೆ ಹತ್ತುತ್ತಾಳೆ.

“ನೀರಿನ ಸ್ಯಾಂಪಲ್ ತೆಗೆಯಲಿಕ್ಕೆ ಜನ ಬಂದದ್ದು ಹೌದಾ ಅಕ್ಕು?” ಎಂದು ಕಾನ್ಸೆಪ್ಟಾ ಕೇಳಿದಳು.

“ಬಂದಿದ್ದರು. ಪಾಪ, ಬಿಸಿಲಲ್ಲಿ ಬೆವರಿ ಹೋಗಿದ್ದರು. ಬೆಲ್ಲ, ನೀರು ಕೊಟ್ಟೆ.”

“ಯಾವ ನೀರು?”

“ಮ್ಯಾಥ್ಯೂವಿನ ಬಾವಿಯದ್ದು. ಮನೆಗೆ ಬಂದವರಿಗೆ ಈ ನಾರುವ ನೀರು ಕೊಡಲಿಕ್ಕೆ ಆಗ್ತದಾ? ಬಾಟ್ಲಿಗೂ ಅದೇ ಚೊಂಬಿನಿಂದ ಹೊಯ್ದುಕೊಂಡರು. ಬಾವಿ ಹಿಂದೆ ಉಂಟು ಅಂದೆ. ಹಗ್ಗ ಎಳೆಯಲಿಕ್ಕೆ ಅವರಿಗೆ ಪುರುಸೊತ್ತಿಲ್ಲವಂತೆ.”

ಈ ಮುದುಕಿಯ ಮೇಲೆ ಸಿಟ್ಟು ಮಾಡುವುದು ಹೇಗೆ? ಬಂದವರಿಗೆ ಬೆಲ್ಲ, ನೀರು ಕೊಡದೆ ಮಾತು ಶುರುಮಾಡುವ ಮನೆ ಈ ಊರಲ್ಲಿಲ್ಲ, ಕಾನ್ಸೆಪ್ಟಾಳ ಮನೆಯೂ ಹಾಗೆಯೇ. ಆ ಮರ್ಯಾದೆಯನ್ನೇ ಬಾಟ್ಲಿಯಲ್ಲಿ ತುಂಬಿಸಿ ಅಕ್ಕುವಿನ ವಿರುದ್ಧ ಸಾಕ್ಷಿ ಮಾಡಿದ್ದರಲ್ಲ, ನಾಚಿಕೆಗೆಟ್ಟವರು.

“ಕೇಳಿದಿರಾ ಸಾರ್?”

ಉಜ್ವಲ್ ಗೋಡೆ ನೋಡಿದ. “ಮೇಡಂ, ರಿಪೋರ್ಟಿನಲ್ಲಿ ಎಂತ ಉಂಟೋ ನಾನು ಅಷ್ಟೇ ನೋಡುವುದು. ಪುನಃ ಟೆಸ್ಟ್ ಮಾಡಿಸುವುದಾದರೆ ಈ ವರ್ಷಕ್ಕಿಲ್ಲ.”

ಕಾನ್ಸೆಪ್ಟಾ ಎದ್ದು ಹಿತ್ತಿಲಿಗೆ ನಡೆದಳು. ಸೆರಗು ಸಿಕ್ಕಿಸಿ, ತಾನೇ ಹಗ್ಗ ಎಳೆದು ನೀರು ಸೇದಿದಳು. ಲೋಟ ತುಂಬಿಸಿ, ತಟ್ಟೆಯಲ್ಲಿ ಒಂದು ತುಂಡು ಬೆಲ್ಲ ಇಟ್ಟು ತಂದಾಗ ಅಕ್ಕು ಅವಳ ಕೈ ಹಿಡಿದಳು.

“ಬೇಡ ಮಾರಾಯ್ತಿ. ಬಂದವರಿಗೆ ಅದನ್ನು ಕೊಡಬಾರದು.”

“ಯೋಗ್ಯ ಅಂತ ಸೀಲು ಬಿದ್ದಿದೆ ಅಕ್ಕು.”

ಉಜ್ವಲನೂ ಈ ಕಡೆಯವನೇ, ಕಾರ್ಕಳದವನು. ಮುಂದೆ ಬಂದ ತಟ್ಟೆಯನ್ನು ದೂಡುವುದು ಅವನಿಂದಾಗಲಿಲ್ಲ. ಬೆಲ್ಲ ಬಾಯಿಗೆ ಹಾಕಿಕೊಂಡ. ಲೋಟ ಎತ್ತಿದ, ಮೂಗಿನ ಹತ್ತಿರ ಬಂದದ್ದೇ ಕೆಳಗಿಟ್ಟ.

“ಈಗಷ್ಟೇ ಚಾ ಕುಡಿದು ಬಂದೆ” ಎಂದ.

ಅಕ್ಕು ಆ ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿ, ಲೋಟ ತೊಳೆದು, ಒಳಗಿನ ಕೊಡದಿಂದ ಮ್ಯಾಥ್ಯೂವಿನ ಬಾವಿಯ ನೀರು ತಂದಿಟ್ಟಳು. ಚಾ ಕುಡಿದು ಬಂದವನು ಅದನ್ನು ಒಂದೇ ಗುಟುಕಿಗೆ ಕುಡಿದ. ಅಕ್ಕು ಬೆಳಿಗ್ಗೆ ಗುಡ್ಡೆ ಹತ್ತಿ ತಂದ ನೀರು ಅದು. ಕಾನ್ಸೆಪ್ಟಾಳಿಗೆ ಅವನ ಕೈಯ ಲೋಟ ಕಿತ್ತು ಎಸೆಯುವಷ್ಟು ಸಿಟ್ಟು ಬಂತು.

ಅವಳು ಫಾರಮು ಎಳೆದುಕೊಂಡಳು. ಸಹಿಯ ಜಾಗದಲ್ಲಿ ಸಾವಕಾಶ ಬರೆದಳು: ‘ಇಂದು ಬೆಳಿಗ್ಗೆ ಹನ್ನೊಂದು ಗಂಟೆಗೆ ಇಂಜಿನಿಯರರು ಈ ಮನೆಯಲ್ಲಿ ಬೆಲ್ಲ ತಿಂದರು. ಈ ಮನೆಯ ಬಾವಿಯ ನೀರು ಕುಡಿಯಲಿಲ್ಲ.’ ಕೆಳಗೆ ತನ್ನ ಹೆಸರು, ತಾರೀಕು.

“ಸುಳ್ಳು ಬರೆದಿದ್ದರೆ ಗೀಟೆಳೆದು ಹೊಡೆದು ಹಾಕಿ” ಎಂದು ಕಾಗದವನ್ನು ಅವನತ್ತ ತಿರುಗಿಸಿದಳು. “ನಿಜವಾದರೆ ನೀವೂ ಸಹಿ ಹಾಕಿ. ಆಮೇಲೆ ಈ ದೂರು ಮುಗಿಯಿತು ಅಂತ ಯಾರು ಹೇಳ್ತಾರೆ ನೋಡುವ.”

ಬೆಲ್ಲ ಅಂಟಿದ ಬೆರಳಲ್ಲಿ ಪೆನ್ನು ಹಿಡಿದು ಉಜ್ವಲ್ ಆ ಎರಡು ಸಾಲನ್ನು ಮತ್ತೊಮ್ಮೆ ಓದಿದ. ಅಕ್ಕು ಅವನ ಖಾಲಿ ಲೋಟಕ್ಕೆ ಮತ್ತೆ ನೀರು ಹೊಯ್ದಳು. ಆಗ ಅವನು ಸಹಿ ಹಾಕಿದ.