ಕೆಂಪಾಜಮ್ಮನ ಸೋಬಾನೆ ಫೋಲ್ಡರ್

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ಮಸಿನಗುಡಿಯಲ್ಲಿ ಮೂವತ್ತು ವರ್ಷ ಟಿ.ವಿ. ರಿಪೇರಿ ಮಾಡಿಕೊಂಡು ನಾನು ಬದುಕಿದ್ದೂ ಹಾಗೆಯೇ. ಈಗ ಟಿ.ವಿ.ಯನ್ನು ಯಾರೂ ರಿಪೇರಿಗೆ ತರುವುದಿಲ್ಲ. ಬಾಯಿ ಸುಮ್ಮನಿರಬೇಕಲ್ಲ? ಭಾನುವಾರ ಬೆಳಿಗ್ಗೆ ಶಕ್ತಿವೇಲನ ಜೀಪ್ ಶೆಡ್ಡಿನಲ್ಲಿ ಕಂಪ್ಯೂಟರ್ ಹುಚ್ಚಿರುವ ಐದಾರು ಜನ ಸೇರುತ್ತೇವೆ. ತೆಪ್ಪಕಾಡಿನ ಆನೆ ಕ್ಯಾಂಪಿನಿಂದಲೂ ಒಬ್ಬ ಬರುತ್ತಾನೆ. ಹಳೆಯ ಪೆಟ್ಟಿಗೆಗಳನ್ನು ಬಿಚ್ಚುತ್ತೇವೆ, ಜೋಡಿಸುತ್ತೇವೆ. ವಿವರಿಸುವವನು ನಾನು. ಬೇರೆ ಯಾರಾದರೂ ವಿವರಿಸಲು ಹೊರಟರೆ ನನಗೆ ಮೈಯೆಲ್ಲ ಉರಿಯುತ್ತದೆ.

"ಒಲೆ ಪಾತ್ರೆ ಹಾರ್ಡ್‌ವೇರು. ಸಾರು ಹೆಂಗ್ ಮಾಡ್ಬೇಕು ಅನ್ನೋದು ಸಾಫ್ಟ್‌ವೇರು. ತಿಳೀತಾ?" ಇದು ನನ್ನ ಮೊದಲ ಪಾಠ.

ಪಕ್ಕದ ಮಾವನಲ್ಲ ಎಂಬ ಊರಿನ ಮಹದೇವಸ್ವಾಮಿಗೆ ನನ್ನ ಮಾತೆಂದರೆ ವೇದ. ಅವನ ಹೆಂಡತಿ ಕೆಂಪಾಜಮ್ಮ ಸುತ್ತಿನ ಮದುವೆಗಳಿಗೆಲ್ಲ ಸೋಬಾನೆ ಹೇಳುತ್ತಿದ್ದವಳು. ಎರಡು ವರ್ಷದ ಹಿಂದೆ ಗಂಟಲಿನ ಕ್ಯಾನ್ಸರಿಗೆ ಅವಳ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು. ದನಿ ಉಳಿದದ್ದು ಗಂಡನ ಕಂಪ್ಯೂಟರಿನಲ್ಲಿ ಮಾತ್ರ, ಹದಿನಾರು ಹಾಡು. ಬರುವ ತಿಂಗಳು ಮಗಳು ಶೋಭಾರಾಣಿಯ ಮದುವೆ. ಧಾರೆಯ ಹೊತ್ತಿಗೆ ಅಮ್ಮನ ದನಿಯೇ ಕೇಳಬೇಕೆಂದು ಅವಳ ಹಟ. ಪೆನ್‌ಡ್ರೈವಿಗೆ ಹಾಕಿಕೊಡುತ್ತೇನೆ, ಅವಸರವೇನು ಎಂದಿದ್ದೆ.

ಮಹದೇವಸ್ವಾಮಿ ಭಾನುವಾರ ಶೆಡ್ಡಿಗೆ ಹೊತ್ತು ತರುತ್ತಿದ್ದ ಆ ಕಂಪ್ಯೂಟರ್ ತೆವಳುತ್ತಿತ್ತು. ನಾನೇ ಹಳೆಯ ಹಾರ್ಡ್ ಡಿಸ್ಕ್ ತೆಗೆದು, ಹೊಸ ಬಗೆಯ ಎಸ್‌ಎಸ್‌ಡಿ ಹಾಕಿ, ಹಾಡುಗಳನ್ನು ಅದಕ್ಕೆ ಸಾಗಿಸಿದೆ. ಹಳೆಯದು ಮಿಕ್ಕಿತಲ್ಲ, ಮುಂದಿನ ಭಾನುವಾರ ಅದನ್ನು ಪಾಠಕ್ಕೆಂದು ಬಿಚ್ಚಿದೆ. ಒಳಗಿನ ಹೊಳೆಯುವ ತಟ್ಟೆಯನ್ನು ಎಲ್ಲರೂ ಕೈಯಿಂದ ಕೈಗೆ ದಾಟಿಸಿ ಮುಖ ನೋಡಿಕೊಂಡರು. ಬೆರಳು ತಾಗಿದರೆ ಡಿಸ್ಕ್ ಸತ್ತಂತೆ ಎಂದು ವಿವರಿಸಿದವನೂ ನಾನೇ.

ಅದರ ಮರುವಾರದ ಪಾಠ, ಡಿಲೀಟ್ ಎಂದರೇನು. ಇದು ನನ್ನ ಮೆಚ್ಚಿನ ಆಟ.

"ಡಿಲೀಟ್ ಮಾಡೋದು ಅಂದ್ರೆ ಪುಸ್ತಕದಲ್ಲಿ ಪರಿವಿಡಿ ಹಾಳೆ ಕಿತ್ತಂಗೆ. ಪಾಠ ಎಲ್ಲಾ ಒಳಗೇ ಇರ್ತದೆ. ಮಾದೇವ, ನಿನ್ ಪೆಟ್ಟಿಗೇಲೇ ತೋರುಸ್ತೀನಿ ನೋಡು."

"ಬ್ಯಾಡ ಸಿದ್ದಯ್ಯಣ್ಣ, ಅದು ಅವಳ ಹಾಡು ಕಣಣ್ಣ. ಬ್ಯಾರೆ ಯಾವುದಾರ ಅಳಿಸು."

"ಯಾಕ್ಲಾ, ನನ್ ಮ್ಯಾಲೆ ನಂಬ್ಕೆ ಇಲ್ವಾ?"

ಅವನು ಹೂಂ ಎಂದು ತಲೆಯಾಡಿಸಿದ. ಸೋಬಾನೆ ಫೋಲ್ಡರನ್ನು ಡಿಲೀಟ್ ಮಾಡಿದೆ. ಠೀವಿಯಿಂದ ರೀಸೈಕಲ್ ಬಿನ್ನನ್ನೂ ಬರಿದು ಮಾಡಿದೆ. ಬಳಿಕ, ಅಳಿಸಿದ್ದನ್ನು ಹುಡುಕಿ ತರುವ ಪ್ರೋಗ್ರಾಂ ಓಡಿಸಿದೆ. ಹದಿನಾರು ಹೆಸರೂ ಬಂದವು. ಶಕ್ತಿವೇಲ್ ಚಪ್ಪಾಳೆ ತಟ್ಟಿದ. ಮೊದಲನೆಯದನ್ನು ಒತ್ತಿದೆ. ದನಿ ಬರಲಿಲ್ಲ. ಎರಡನೆಯದನ್ನು ಒತ್ತಿದೆ, ಮೂರನೆಯದನ್ನು ಒತ್ತಿದೆ. ಹೆಸರಿನ ಹಿಂದೆ ಬರಿಯ ಸೊನ್ನೆಗಳಿದ್ದವು.

ಆಗ ನೆನಪಾಯಿತು. ನನ್ನ ಆಟ ನಡೆಯುವುದು ಹಳೆಯ ಹಾರ್ಡ್ ಡಿಸ್ಕಿನಲ್ಲಿ. ಎಸ್‌ಎಸ್‌ಡಿ ಹಾಗಲ್ಲ, ಬೇಡವೆಂದ ಜಾಗವನ್ನು ಅದು ತಾನೇ ತೊಳೆದು ಖಾಲಿ ಇಡುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿಲ್ಲದವನು ಮಾಡಿದ್ದರೆ ತಪ್ಪು ಎನ್ನಬಹುದಿತ್ತು. ನನ್ನದು ಬರಿಯ ಸೊಕ್ಕು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

"ಎನ್ನಾಚು ಅಣ್ಣಾ?" ಎಂದ ಶಕ್ತಿವೇಲ್. ಏನಾಯಿತೆಂದು ಹೇಳಿದೆ.

ಮಹದೇವಸ್ವಾಮಿ ಬೈಯಲಿಲ್ಲ. ಬೈದಿದ್ದರೆ ನಾನೂ ಎದುರಾಡಿ ಹಗುರಾಗುತ್ತಿದ್ದೆ. "ಹಳೇ ಡಿಸ್ಕ್‌ನಲ್ಲಿ ಇರ್ತದಲ್ವಾ ಅಣ್ಣ?" ಎಂದು ಕೇಳಿದ. ಶೆಡ್ಡಿನಲ್ಲಿದ್ದವರೆಲ್ಲ ತಲೆ ತಗ್ಗಿಸಿದರು. ಆ ತಟ್ಟೆಯ ಮೇಲೆ ಬೆರಳೂರದವರು ಅಲ್ಲಿ ಯಾರೂ ಇರಲಿಲ್ಲ.

"ನೀನೇ ಬಂದು ಅವಳ್ಗೆ ಹೇಳು. ನನ್ ಕೈಲಾಗಕಿಲ್ಲ" ಎಂದು ಅವನು ಎದ್ದ.

ಮಾವನಲ್ಲ ಊರಿನ ಅವನ ಮನೆಯ ಜಗಲಿಯಲ್ಲಿ ಕೆಂಪಾಜಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ಕತ್ತಿನಲ್ಲಿ ಉಸಿರಾಡಲು ಮಾಡಿದ ತೂತಿಗೆ ತೆಳುವಾದ ಬಟ್ಟೆ ಕಟ್ಟಿಕೊಂಡಿದ್ದಳು. ಶೋಭಾರಾಣಿ ಲಗ್ನಪತ್ರಿಕೆಗಳ ಮೂಲೆಗೆ ಅರಿಸಿನ ಹಚ್ಚುತ್ತಿದ್ದಳು. ಒಂದು ಮಾತನ್ನು ಹತ್ತು ಮಾಡುವ ನಾನು ಆಗ ಎರಡೇ ಮಾತು ಹೇಳಿದೆ.

"ನಿನ್ ಹಾಡ್ನೆಲ್ಲ ಅಳಿಸ್ಬುಟ್ಟೆ ತಾಯಿ," ಎಂದೆ. "ಇನ್ ಬರಕಿಲ್ಲ."

"ಇನ್ನೊಂದ್ ದಪ ನೋಡಿ ದೊಡ್ಡಪ್ಪ, ಎಲ್ಲಾರ ಇರ್ತವೆ," ಎಂದಳು ಶೋಭಾರಾಣಿ.

"ಇಲ್ಲ ಕಣವ್ವ."

ಅವಳು ಅರಿಸಿನದ ಕೈಯಲ್ಲೇ ಮುಖ ಮುಚ್ಚಿಕೊಂಡಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಕೆಂಪಾಜಮ್ಮ ಮೊರವನ್ನು ಪಕ್ಕಕ್ಕಿಟ್ಟಳು. ಮಗಳನ್ನು ಹತ್ತಿರ ಎಳೆದುಕೊಂಡು, ತಲೆಯ ಮೇಲೆ ಕೈಯಿಟ್ಟು, ಬಾಯಿ ತೆರೆದು ಹಾಡತೊಡಗಿದಳು. ತುಟಿಗಳು ಒಂದು ಪದವನ್ನೂ ಬಿಡದೆ ಆಡುತ್ತಿದ್ದವು. ಕತ್ತಿನ ಬಟ್ಟೆ ಉಸಿರಿಗೆ ಉಬ್ಬಿ ಇಳಿಯುತ್ತಿತ್ತು. ಮಹದೇವಸ್ವಾಮಿ ಅವಳ ಮುಖವನ್ನೇ ನೋಡುತ್ತ, ಅವಳಿಗೆ ಸರಿಯಾಗಿ ತಾನೂ ತುಟಿ ಆಡಿಸಿದ. ಅವನಿಗೆ ಅದು ಯಾವ ಹಾಡೆಂದು ಗೊತ್ತಿತ್ತು. ಶೆಡ್ಡಿನಲ್ಲಿ ಅವನು ಆ ಹಾಡುಗಳನ್ನು ಹಾಕಿದಾಗಲೆಲ್ಲ, ಅದನ್ನು ನಿಲ್ಲಿಸಿ ಪಾಠ ಕೇಳು ಎಂದು ಗದರಿದವನು ನಾನು. ಒಂದನ್ನೂ ನಾನು ಪೂರ್ತಿ ಕೇಳಿರಲಿಲ್ಲ.