ಹನ್ನೊಂದು ಗಂಟೆಯ ಗೋಡೆ

ಎರಡು ದಿನದ ತರಬೇತಿ ಮುಗಿಸಿ ಬೆಳಗಿನ ಮೊದಲ ಬಸ್ಸಿಗೆ ಮನೆಗೆ ಮರಳಿದ ಟೀಚರ್, ಹೆಗಲ ಚೀಲ ಇಳಿಸುವ ಮೊದಲೇ ಮುಂದಿನ ಕೋಣೆಯ ಗೋಡೆ ನೋಡಿದಳು. ಈಚೆಗೆ ಅದೊಂದು ಗೀಳೇ ಆಗಿಹೋಗಿತ್ತು. ಗೋಡೆ ಹಾಲಿನ ಹಾಗೆ ಬೆಳ್ಳಗಿತ್ತು. ಬಿರುಕು ಇರಲಿಲ್ಲ. ಬಿರುಕಿಗೆ ಅಡ್ಡಲಾಗಿ ಅಂಟಿಸಿದ್ದ ಎರಡು ಗಾಜಿನ ಪಟ್ಟಿಗಳೂ ಇರಲಿಲ್ಲ.

ಹತ್ತಿರ ಹೋಗಿ ಬಿರುಕಿದ್ದ ಜಾಗದ ಮೇಲೆ ಬೆರಳಾಡಿಸಿದಳು.

ಆ ಕೋಣೆಯೇ ಅವಳ ಶಿಶುವಿಹಾರ. ಓಣಿಯ ಹದಿನಾಲ್ಕು ಮಕ್ಕಳು ಬೆಳಗ್ಗೆ ಒಂಬತ್ತಕ್ಕೆ ಬಂದು, ಹಾಡಿ ಕುಣಿದು, ಹನ್ನೊಂದರ ಹೊತ್ತಿಗೆ ಚಾಪೆಯ ಮೇಲೆ ಒರಗುತ್ತಿದ್ದವು. ಸರಿಯಾಗಿ ಅದೇ ಹನ್ನೊಂದಕ್ಕೆ ಓಣಿಯ ಹಿಂದಿನ ದಿಬ್ಬದಾಚೆ, ಸೇನಾ ನೆಲೆಯವರು ಹಳೆಯ ಮದ್ದುಗುಂಡುಗಳನ್ನು ಗುಂಡಿಗೆ ಹಾಕಿ ಸಿಡಿಸುತ್ತಿದ್ದರು. ಮೊದಲು ಗುಂಡಿ ದೂರವಿತ್ತು. ಎರಡು ವರ್ಷದ ಹಿಂದೆ, ಲಾರಿ ಓಡಾಟ ಸುಲಭವಾಗಲೆಂದು ಅದನ್ನು ಇತ್ತ ತಂದರು. ಅಂದಿನಿಂದ ಗೋಡೆ ಬಾಯಿ ಬಿಡತೊಡಗಿತು. ಅವಳು ಅರ್ಜಿಯ ಮೇಲೆ ಅರ್ಜಿ ಬರೆದಳು. ಎಲ್ಲವೂ ತೂಗಿ ತೂಗಿ ಬರೆದ ಮಾತು, ಎಲ್ಲೂ ದನಿ ಏರಿಸಿದ್ದಿಲ್ಲ. ಆರನೆಯ ಅರ್ಜಿಗೆ ನೆಲೆಯ ಓವರ್‌ಸಿಯರ್ ಬಂದ. ಬೆರಳುದ್ದದ ಎರಡು ತೆಳು ಗಾಜುಗಳನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು, ಎರಡೂ ತುದಿಗೆ ಪ್ಲಾಸ್ಟರ್ ಹಾಕಿ ಕೂರಿಸಿ, ಪಕ್ಕದಲ್ಲಿ ತಾರೀಖು ಬರೆದ. ಗಾಜು ಹಾಗೇ ಉಳಿದರೆ ಬಿರುಕು ಹಳೆಯದು, ನೆಲೆಗೆ ಸಂಬಂಧವಿಲ್ಲ. ಗಾಜು ಒಡೆದರೆ ಗೋಡೆ ಈಗಲೂ ಸರಿಯುತ್ತಿದೆ ಎಂದರ್ಥ, ಆಗ ಗುಂಡಿ ವಾಪಸ್ಸು ಹಳೆಯ ಜಾಗಕ್ಕೆ. ಹಾಗೆಂದು ಕಾಗದದಲ್ಲೇ ಬರೆದುಕೊಟ್ಟಿದ್ದರು. ಹದಿನೈದು ದಿನಕ್ಕೊಮ್ಮೆ ಗಾಜು ನೋಡಲು ಬರುತ್ತಿದ್ದ ಅವನನ್ನು ಮಕ್ಕಳು ಗಾಜಿನ ಮಾಮ ಎಂದು ಕರೆಯುತ್ತಿದ್ದವು.

ಅವಳು ಬಸ್ಸು ಹತ್ತುವ ದಿನದ ಬೆಳಗ್ಗೆ ಎರಡೂ ಗಾಜು ಗಟ್ಟಿಯಾಗಿದ್ದವು. ಮುಟ್ಟಿ ನೋಡಿಯೇ ಹೋಗಿದ್ದಳು.

"ಅತ್ತೆ, ಗಾಜು ಎಲ್ಲಿ?"

ಅತ್ತೆ ಒಳಗಿನಿಂದ ಸೆರಗಿಗೆ ಕೈ ಒರೆಸುತ್ತ ಬಂದರು. ಮುಖದಲ್ಲಿ ಬಹುಮಾನ ಗೆದ್ದವರ ಕಳೆ. ನೀನು ಹೋದ ದಿನವೇ ಹನ್ನೊಂದರ ಸದ್ದಿಗೆ ಎರಡೂ ಪಟಪಟ ಒಡೆದುಹೋದವು, ಒಂದು ಚೂರು ಮಕ್ಕಳು ಮಲಗುವ ಚಾಪೆಯ ಮೇಲೇ ಬಿತ್ತು, ನೀನಿಲ್ಲವೆಂದು ರಜೆ ಇದ್ದದ್ದೇ ಪುಣ್ಯ, ನನ್ನ ಜೀವ ಬಾಯಿಗೆ ಬಂತು ಎಂದರು. ಎಲ್ಲ ಕಿತ್ತು, ಬಿರುಕಿಗೆ ಸಿಮೆಂಟು ಮೆತ್ತಿ, ಮೇಲೆ ಎರಡು ಸಲ ಸುಣ್ಣ ಬಳಿದಿದ್ದರು. ಪಕ್ಕದ ಮನೆಯವಳೂ ಕೈ ಹಚ್ಚಿದ್ದಳಂತೆ. ಅಷ್ಟೇ ಅಲ್ಲ, ಇವತ್ತು ನೆಲೆಯ ದೊಡ್ಡವರು ನೆರೆಹೊರೆಯ ಭೇಟಿಗೆ ಬರುತ್ತಾರೆಂದು ಇಡೀ ಓಣಿಯೇ ಸುಣ್ಣ ಬಳಿದುಕೊಂಡಿತ್ತು.

"ಬರೋರ ಮುಂದೆ ಮನೆ ಮರ್ಯಾದೆ ಬೇಡ್ವೇನೇ? ಒಡಕು ಗೋಡೆ ತೋರಿಸ್ಕೊಂಡು ಕೂರೋದಾ?"

ಟೀಚರ್ ತುಟಿ ಕಚ್ಚಿದಳು. ಕಿರುಚಿದರೆ ಮಕ್ಕಳು ಬೆದರುತ್ತವೆ. ಆಗಲೇ ಒಂದೊಂದಾಗಿ ಬಂದು ಚಪ್ಪಲಿ ಬಿಡುತ್ತಿದ್ದವು.

"ಆ ಒಡಕೇ ನಮ್ಮ ಸಾಕ್ಷಿ ಆಗಿತ್ತು ಅತ್ತೆ. ನಿಮ್ಮ ಮರ್ಯಾದೆ ನಮ್ಮ ಕತ್ತು ಕುಯ್ತು."

ಅತ್ತೆಯ ಮುಖ ಸಪ್ಪಗಾಯಿತು. ಏನೋ ಹೇಳಲು ಬಾಯಿ ತೆರೆದರು, ಸೊಸೆ ಕೇಳಿಸಿಕೊಳ್ಳಲಿಲ್ಲ. ಹತ್ತು ವರ್ಷದಲ್ಲಿ ಅತ್ತೆಯೊಂದಿಗೆ ಅಷ್ಟು ಒರಟಾಗಿ ಮಾತಾಡಿದ್ದು ಅದೇ ಮೊದಲು. ಆದರೂ ಸಿಟ್ಟು ಒಂದಿಷ್ಟೂ ಇಳಿಯಲಿಲ್ಲ.

ಉಳಿದ ಮನೆಗಳನ್ನು ಮುಗಿಸಿಕೊಂಡು ಹತ್ತೂವರೆಗೆ ಜೀಪು ಅವರ ಮನೆ ಮುಂದೆ ನಿಂತಿತು. ಇಳಿದದ್ದು ಇಬ್ಬರು. ನೆರೆಹೊರೆಯ ಸಂಬಂಧ ನೋಡಿಕೊಳ್ಳುವ ಅಧಿಕಾರಿ ಒಬ್ಬರು. ಸದಾ ನಗುತ್ತಿದ್ದ ಅವರಿಗೆ ಓಣಿಯ ಹೆಂಗಸರು ಇಟ್ಟ ಹೆಸರು ನಗೆಸಾಹೇಬರು. ಅವರ ಹಿಂದೆ, ಕಂಕುಳಲ್ಲಿ ದಪ್ಪ ರಿಜಿಸ್ಟರ್ ಇಟ್ಟುಕೊಂಡ ಓವರ್‌ಸಿಯರ್. ಮಕ್ಕಳು ಗಾಜಿನ ಮಾಮ ಎಂದು ಕೂಗಿದವು. ಮಾಮ ಇಂದು ಅವುಗಳ ಕಡೆ ತಿರುಗಲಿಲ್ಲ.

ನಗೆಸಾಹೇಬರು ಒಂದು ಮಗುವಿನ ಕೆನ್ನೆ ಮುಟ್ಟಿ, ಅತ್ತೆಗೆ ಕೈಮುಗಿದು, ಟೀ ಕುಡಿದರು. ನೆಲೆಗೂ ಓಣಿಗೂ ನಡುವೆ ಬೇಲಿ ಇರಬಹುದು, ಮನಸ್ಸುಗಳ ನಡುವೆ ಇರಬಾರದು ಎಂದರು. ಈ ಮಾತನ್ನು ಮೇಲಿನ ಮನೆಯಲ್ಲೂ ಹೇಳಿದ್ದರೆಂದು ಟೀಚರಿಗೆ ಗೊತ್ತಿತ್ತು, ಕಿಟಕಿಯಿಂದ ಕೇಳಿಸಿತ್ತು. ಇಂದು ಭೇಟಿಯ ದಿನವಾದ್ದರಿಂದ ಹನ್ನೊಂದರ ಸದ್ದು ಇರುವುದಿಲ್ಲ, ಮಕ್ಕಳು ಆರಾಮಾಗಿ ಮಲಗಲಿ ಎಂದೂ ಸೇರಿಸಿದರು. ಆಮೇಲೆ ಎದ್ದು ಗೋಡೆಯ ಮೇಲೆ ಅಂಗೈ ಆಡಿಸಿ, ಚೆನ್ನಾಗಿಟ್ಟಿದ್ದೀರಿ ಮೇಡಂ, ನಮ್ಮ ಕ್ವಾರ್ಟರ್ಸ್ ಗೋಡೆಗಳೂ ಹೀಗಿಲ್ಲ ಎಂದು ತಮಾಷೆ ಮಾಡಿದರು.

ರಿಜಿಸ್ಟರ್ ಅವಳ ಮುಂದೆ ಬಂತು. ಮೊದಲೇ ಟೈಪಾಗಿದ್ದ ಸಾಲು: ಭೇಟಿಯ ವೇಳೆ ಯಾವುದೇ ಹಾನಿ ಕಂಡುಬಂದಿಲ್ಲ. ಕೆಳಗೆ ಓಣಿಯ ಹನ್ನೊಂದು ಮನೆಯವರ ಸಹಿ.

ಸಹಿ ಹಾಕಿದರೆ ಕಥೆ ಅಲ್ಲಿಗೆ ಮುಗಿಯಿತು. ಗುಂಡಿ ಅಲ್ಲೇ, ಗೋಡೆ ಇಲ್ಲೇ, ನಡುವೆ ಹದಿನಾಲ್ಕು ಚಾಪೆ.

ಮೊನ್ನೆ ಎರಡೂ ಗಾಜು ಒಡೆದಿವೆ ಎಂದಳು. ನಗೆಸಾಹೇಬರು ಮರುಕದಿಂದ ತಲೆಯಾಡಿಸಿದರು. ಇರಬಹುದು ಮೇಡಂ, ನಿಮ್ಮ ಮಾತನ್ನು ನಂಬುತ್ತೇನೆ, ಆದರೆ ಗಾಜೇ ಇಲ್ಲದ ಮೇಲೆ ಏನೆಂದು ಬರೆಯಲಿ, ಮನೆಯವರೇ ತೆಗೆದಿದ್ದಾರೆ ಎಂದು ಬರೆದರೆ ನಿಮಗೇ ತೊಂದರೆ ಎಂದರು. ಓವರ್‌ಸಿಯರ್ ಮೊನ್ನೆ ನೋಡಲು ಬರಬೇಕಿತ್ತಲ್ಲ ಎಂದು ಅವಳು ಕೇಳಿದಳು. ಅವನು ನೆಲ ನೋಡುತ್ತ, ಬೇರೆ ಕೆಲಸ ಬಂತು, ಬರೋಕಾಗಲಿಲ್ಲ ಎಂದ.

ಆಗ ಬಾಗಿಲ ಬಳಿಯಿಂದ ಅತ್ತೆ ಮಾತಾಡಿದರು. ಬೆಳಗಿನಿಂದ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದವರು.

"ಬರಲಿಲ್ವಾ? ಮೊನ್ನೆ ಮಧ್ಯಾಹ್ನ ಇದೇ ಕುರ್ಚಿ ಮೇಲೆ ಕೂತು ನೀರು ಕುಡಿದೋನು ಯಾರಪ್ಪ ಹಾಗಾದ್ರೆ?"

ಓವರ್‌ಸಿಯರ್ ಅಧಿಕಾರಿಯ ಬೆನ್ನ ಹಿಂದೆ ಸರಿದ.

"ನೀನೇ ಬಂದು ಗಾಜು ನೋಡ್ದೆ. 'ಅಯ್ಯೋ ಅಮ್ಮ, ಮಕ್ಕಳು ಓಡಾಡೋ ಜಾಗ, ಕಾಲಿಗೆ ಚುಚ್ಚಿಕೊಂಡಾವು, ಕಿತ್ತು ಬಿಸಾಕಿ, ದೊಡ್ಡೋರು ಬರೋದ್ರೊಳಗೆ ಸುಣ್ಣ ಹೊಡೀರಿ' ಅಂದೆ. ಎಂಥಾ ಒಳ್ಳೇ ಹುಡುಗ ಅಂದ್ಕೊಂಡೆ ನಾನು. ಸಿಮೆಂಟಿನ ಪೊಟ್ಟಣ ನಿನ್ನ ಚೀಲದಿಂದಲೇ ಕೊಟ್ಟೆಯಲ್ಲೋ."

ಟೀಚರ್ ಅತ್ತೆಯ ಕಡೆ ತಿರುಗಿದಳು. ಬೆಳಗ್ಗೆ ಅತ್ತೆ ಹೇಳಲು ಬಾಯಿ ತೆರೆದದ್ದು ಇದನ್ನೇ. ತಾನು ಬಿಡಲಿಲ್ಲ. ಆ ಸಿಟ್ಟೆಲ್ಲ ಈಗ ಇಡಿಯಾಗಿ ಸರಿಯಾದ ಕಡೆ ತಿರುಗಿತು.

"ಹೌದಾ?" ಎಂದು ಓವರ್‌ಸಿಯರನ್ನು ಕೇಳಿದಳು. ದನಿ ಏರಲಿಲ್ಲ.

"ಮಕ್ಕಳ ಕಾಲಿಗೆ ಅಂತ..."

"ಮಕ್ಕಳ ಕಾಲು ಕಾಣಿಸ್ತು. ತಲೆ ಮೇಲಿನ ಗೋಡೆ ಕಾಣಿಸ್ಲಿಲ್ಲ."

ಅವನು ಅಧಿಕಾರಿಯ ಕಡೆ ನೋಡಿದ. ಭೇಟಿಗೆ ಮೊದಲು ಓಣಿ ಚೊಕ್ಕಟವಾಗಿರಲಿ ಅಂತ ನೀವೇ ಹೇಳಿದ್ರಲ್ಲ ಸರ್, ಎಂದ ಮೆಲ್ಲಗೆ. ನಗೆಸಾಹೇಬರ ನಗು ಮೊದಲ ಬಾರಿಗೆ ಮಾಯವಾಯಿತು. ಕಸ ಗುಡಿಸಿ ಅಂದಿದ್ದೆ, ಗಾಜು ಕೀಳಿ ಅಂದಿರಲಿಲ್ಲ ಎಂದರು. ಮಕ್ಕಳು ಹಾಡು ನಿಲ್ಲಿಸಿ ದೊಡ್ಡವರ ಮುಖಗಳನ್ನೇ ನೋಡುತ್ತಿದ್ದವು.

ಟೀಚರ್ ರಿಜಿಸ್ಟರನ್ನು ಅಧಿಕಾರಿಯ ಮುಂದೆ ತಿರುಗಿಸಿ ಇಟ್ಟಳು. ಟೈಪಾದ ಸಾಲು ಹೊಡೆದುಹಾಕಿ, ನಡೆದದ್ದನ್ನು ಬರೆಯಿರಿ ಎಂದಳು. ಅವರು ಕಚೇರಿಗೆ ಬನ್ನಿ, ನಿಧಾನವಾಗಿ ಮಾತಾಡೋಣ ಎಂದರು. ಅವರತ್ತ ಪೆನ್ನು ಚಾಚಿದ್ದ ಕೈಯನ್ನು ಅವಳು ಹಿಂದೆಗೆಯಲಿಲ್ಲ. ಹೊರಗೆ ಜೀಪಿನ ಸುತ್ತ ಓಣಿಯವರು ಸೇರುತ್ತಿದ್ದರು. ಅತ್ತೆಯ ಮಾತು ಕಿಟಕಿ ದಾಟಿತ್ತು. ಸಹಿ ಹಾಕಿದ್ದ ಹನ್ನೊಂದು ಮನೆಯವರೂ ಅಲ್ಲಿದ್ದರು. ನಮ್ಮನೆಗೂ ಅವನೇ ಸಿಮೆಂಟು ಕೊಟ್ಟ ಎಂದು ಯಾರೋ ಹೇಳಿದರು.

ಅಧಿಕಾರಿ ಕುಳಿತು ಬರೆದರು. ಅವಳು ಹೆಗಲ ಮೇಲಿಂದ ಓದುತ್ತ ನಿಂತಳು. 'ಸಣ್ಣ ಬಿರುಕು' ಎಂದು ಬರೆದಾಗ 'ಸಣ್ಣ' ತೆಗೆಸಿದಳು. 'ಆಕಸ್ಮಿಕವಾಗಿ ತೆಗೆಯಲಾಗಿದೆ' ಎಂದು ಬರೆದಾಗ, ಯಾರು ಹೇಳಿ ತೆಗೆಸಿದರೋ ಅವರ ಹುದ್ದೆ ಬರೆಸಿದಳು. ಕೊನೆಗೆ, ಗುಂಡಿ ಹಳೆಯ ಜಾಗಕ್ಕೆ ಹೋಗುವವರೆಗೆ ಸಿಡಿಸುವುದಿಲ್ಲ ಎಂದು ಬರೆಯಿರಿ ಎಂದಳು.

ಅವರು ಪೆನ್ನು ಕೆಳಗಿಟ್ಟರು. "ಮೇಡಂ, ಅದು ನನ್ನ ಕೈಲಿಲ್ಲ. ನನಗೆ ಆ ಅಧಿಕಾರ ಇಲ್ಲ."

"ಮತ್ತೆ ಎರಡು ವರ್ಷದಿಂದ ನಮ್ಮನೆ ಟೀ ಯಾವ ಅಧಿಕಾರದಲ್ಲಿ ಕುಡೀತಿದ್ರಿ?"

ಅವರು ಟೀ ಲೋಟವನ್ನು ದೂರ ಸರಿಸಿದರು.

"ಅಧಿಕಾರ ಇಲ್ಲ ಅಂತಲೇ ಬರೀರಿ. ಇರೋರು ಯಾರು ಅಂತ ಅದರ ಕೆಳಗೆ ಬರೀರಿ. ನಾಳೆ ಹನ್ನೊಂದಕ್ಕೆ ನಮ್ಮ ಮಕ್ಕಳು ಮಲಗೋದು ಅವರ ಕೋಣೆಯಲ್ಲಿ."

ಅವರು ನಗಲು ನೋಡಿದರು, ಅವಳ ಮುಖ ನೋಡಿ ಬಿಟ್ಟರು. ಬರೆದರು. ಸಹಿ ಮಾಡಿದರು. ಅವಳು ಆ ಪುಟದ ಫೋಟೋ ತೆಗೆದುಕೊಂಡಳು, ಅಕ್ಷರ ಸ್ಪಷ್ಟವಾಗಿ ಬಂದಿದೆಯೇ ಎಂದು ದೊಡ್ಡದು ಮಾಡಿ ನೋಡಿದಳು, ಆಮೇಲೆ ಇನ್ನೊಂದು ತೆಗೆದಳು. ಧನ್ಯವಾದ ಹೇಳಲಿಲ್ಲ.

ಜೀಪು ಹೋದ ಮೇಲೆ ಮಕ್ಕಳ ಚಾಪೆಗಳನ್ನು ಒಂದೊಂದಾಗಿ ಸುತ್ತಿ ಅಂಗಳಕ್ಕೆ ಸಾಗಿಸತೊಡಗಿದಳು. ಅತ್ತೆ ಇನ್ನೂ ಬಾಗಿಲಲ್ಲೇ ನಿಂತಿದ್ದರು.

"ಬೆಳಗ್ಗೆ ನಾನು ಹಾಗೆ ಅನ್ನಬಾರದಿತ್ತು ಅತ್ತೆ."

"ಅನ್ನಬಾರದಿತ್ತು," ಎಂದರು ಅತ್ತೆ. ಸಿಟ್ಟು ಅವರಿಗೂ ಇಳಿದಿರಲಿಲ್ಲ. ಚಾಪೆಯ ಇನ್ನೊಂದು ತುದಿ ಹಿಡಿದರು. "ನಾಳೆ ಎಷ್ಟು ಹೊತ್ತಿಗೆ ಹೊರಡೋದು? ನಾನೂ ಬರ್ತೀನಿ. ಅವರ ಗೋಡೆ ಹೇಗಿದೆ ನೋಡ್ಬೇಕು."