ಸೇತುವೆಗೆ ನೀರು ಸುರಿದದ್ದು

ಹೆಸರು ಹೇಳಿದರೂ ಯಾರಿಗೂ ಗುರುತು ಹತ್ತದಂಥ ಒಂದು ಊರಿನಲ್ಲಿ ಗುರುಪಾದಯ್ಯನೆಂಬ ದೈವಭಕ್ತ ಜಮೀನುದಾರನಿದ್ದ. ಅವನ ಹೊಲದ ನಡುವೆ ಒಂದು ಹಳ್ಳ ಹರಿಯುತ್ತಿತ್ತು. ಈಚೆ ದಡದವರು ಆಚೆ ದಡದವರನ್ನು ಮುಟ್ಟುತ್ತಿರಲಿಲ್ಲ. ಆದರೆ ಹಳ್ಳಕ್ಕೆ ಇಳಿದಾಗ ಮಾತ್ರ ಎಲ್ಲರೂ ಕೈ ಕೈ ಹಿಡಿದೇ ದಾಟುತ್ತಿದ್ದರು. ಹರಿಯುವ ನೀರಿನಲ್ಲಿ ಮೈಲಿಗೆಯಿಲ್ಲ ಎಂಬುದು ಅಲ್ಲಿನ ಕಟ್ಟಳೆ. ನೀರಿಗೆ ಈ ಗುಣ ಕೊಟ್ಟ ಭಗವಂತನ ಕರುಣೆ ನೆನೆದಾಗೆಲ್ಲ ನನಗೆ ಬೆರಗಾಗುತ್ತದೆ.

ಜನ ಜಾರಿ ಬೀಳುವುದನ್ನು ಕಂಡು ಮರುಗಿದ ಗುರುಪಾದಯ್ಯ, ಪುಣ್ಯದ ಕೆಲಸವೆಂದು ಅಲ್ಲೊಂದು ಪುಟ್ಟ ಸೇತುವೆ ಕಟ್ಟಿಸಿದ. ಕೆಳಗೆ ತಾಳೆಮರದ ದಿಮ್ಮಿ, ಮೇಲೆ ಕಲ್ಲುಚಪ್ಪಡಿ. ಪೂಜೆ ಮುಗಿದ ಮೇಲೆ ಹಿರಿಯರಿಗೊಂದು ಸಂದೇಹ ಬಂತು: ಇದು ನೀರೋ, ನೆಲವೋ? ಕಾಲು ಒದ್ದೆಯಾಗದ ಮೇಲೆ ನೆಲವೇ ಎಂದು ತೀರ್ಮಾನವಾಯಿತು. ಅಂದಿನಿಂದ ಆಚೆಯವರು ಅದನ್ನು ಹತ್ತುವಂತಿರಲಿಲ್ಲ. ಈಚೆಯವರು ನೀರಿಗಿಳಿಯುವುದನ್ನೇ ಬಿಟ್ಟರು.

ಒಂದು ದಿನ ಗುರುಪಾದಯ್ಯನ ಮಗಳಿಗೆ ಹೆರಿಗೆಯ ನೋವು ಕಾಣಿಸಿಕೊಂಡಿತು. ಮಗು ಅಡ್ಡ ತಿರುಗಿತ್ತು. ಸೂಲಗಿತ್ತಿ ಚೌಡವ್ವ ಆಚೆ ದಡದವಳು; ಹೆರಿಗೆಯ ಕೋಣೆಯಲ್ಲಿ ಮಾತ್ರ ಅವಳ ಕೈಗೆ ಮೈಲಿಗೆಯಿರಲಿಲ್ಲ. ಬೆಟ್ಟದ ಮಳೆಗೆ ಹಳ್ಳ ತುಂಬಿ ಹರಿಯುತ್ತಿತ್ತು. ಊರಲ್ಲಿ ಮಾತ್ರ ಸುಡುಬಿಸಿಲು. ಕೂಗು ಕೇಳಿ ಓಡಿಬಂದ ಚೌಡವ್ವ ಸೇತುವೆಯ ಆಚೆ ತುದಿಯಲ್ಲಿ ನಿಂತಳು.

“ದಾಟ್ಲಾ, ಬುದ್ಧೀ?”

“ತಾಳವ್ವ, ತಾಳು,” ಅಂದರು ಹಿರಿಯರು.

“ನಾನೇನೋ ತಾಳ್ತೀನಿ. ಕೂಸು ತಾಳಬೇಕಲ್ಲ!”

ಗುರುಪಾದಯ್ಯ ಎಲ್ಲರಿಗಿಂತ ಹಿರಿಯನಾದ ಅಜ್ಜನಿಗೆ ಕೈಮುಗಿದ. “ನನ್ನ ಮಗಳು ಸಾಯ್ತಾಳೆ ಅಜ್ಜಯ್ಯ, ಏನಾದರೂ ದಾರಿ ಹೇಳಿ.”

ಅಜ್ಜ ಗಡ್ಡ ನೀವಿಕೊಂಡ. “ಸೇತುವೆ ಮೇಲೆ ನೀರು ಹರಿಸಾನ. ನೀರು ಹರಿದರೆ ಅದೂ ಹಳ್ಳವೇ ತಾನೆ? ಆಮೇಲೆ ಬರಲಿ.”

ಎಲ್ಲರಿಗೂ ಸಮಾಧಾನವಾಯಿತು. ಮನೆಮನೆಯಿಂದ ಬಿಂದಿಗೆಗಳು ಬಂದವು. ಈ ತುದಿ ನೆನೆಯುವಷ್ಟರಲ್ಲಿ ಕಾದ ಚಪ್ಪಡಿ ಆ ತುದಿಯಲ್ಲಿ ಒಣಗುತ್ತಿತ್ತು.

“ಮಧ್ಯ ಒಣಗೈತೆ ನೋಡ್ರೋ!”

“ಈಗ ತಾನೆ ಸುರಿದೆನಲ್ಲ!”

“ನಿನ್ನ ಬಿಂದಿಗೆ ತೂತೋ, ಕಣ್ಣೇ ತೂತೋ?”

ಗುರುಪಾದಯ್ಯನೂ ದೇವರ ನಾಮ ಹೇಳುತ್ತಾ ಸುರಿದ. ಸುರಿಯುವ ಭರದಲ್ಲಿ ಯಾರೂ ತಲೆಯೆತ್ತಿ ಆಚೆ ದಡ ನೋಡಲಿಲ್ಲ.

ಆಗ ಮನೆಯ ಕಡೆಯಿಂದ ಎಳೆಗೂಸಿನ ಅಳು ಕೇಳಿಸಿತು. ಗುರುಪಾದಯ್ಯ ಬಿಂದಿಗೆ ಬಿಸುಟು ಓಡಿದ. ಜಗಲಿಯ ಮೇಲೆ ಅವನ ಹೆಂಡತಿ, ಪಕ್ಕದಲ್ಲಿ ಚೌಡವ್ವ. ಇಬ್ಬರ ಸೀರೆಯೂ ಸೊಂಟದವರೆಗೆ ನೆನೆದು ತೊಟ್ಟಿಕ್ಕುತ್ತಿತ್ತು.

“ನೀನು… ಹೆಂಗೆ ಬಂದೆ?”

“ಕೆಳಗಡೆ, ಸೆಳವು ಕಮ್ಮಿ ಇರೋ ಕಡೆ, ಅಮ್ಮಾವ್ರು ನೀರಿಗಿಳಿದು ಕೈ ಕೊಟ್ಟರು, ಬುದ್ಧೀ. ಹಿಡ್ಕೊಂಡೆ. ತಾಯಿ ಚೆನ್ನಾಗವ್ಳೆ. ತಗೊಳ್ಳಿ, ಮೊಮ್ಮಗಳು.”

ಗುರುಪಾದಯ್ಯ ಒಣನೆಲದ ಮೇಲೆ ನಿಂತು, ಅವಳ ಕೈಯಿಂದ ಮಗುವನ್ನು ತೆಗೆದುಕೊಂಡ.

ಅಷ್ಟರಲ್ಲಿ ಹಳ್ಳದ ಕಡೆಯಿಂದ ಅಜ್ಜನ ಗೆಲುವಿನ ಕೂಗು ತೇಲಿಬಂತು: “ಗುರುಪಾದಾ, ಪೂರಾ ನೆಂದೈತೆ ಕಣೋ! ಇನ್ನು ಅವಳು ದಾಟಬೌದು ಅನ್ನು!”